ಗಾಡಿಯಲ್ಲಿ ಹೊತ್ತ ಕರೆಂಟು: ನಮ್ಮ ಸೀಮೆಯ ಹಳೇ ಕತೆ

ನಂದಿ ಬೆಟ್ಟ, ಆವಲಬೆಟ್ಟದ ಕಡೆಯ ರಸ್ತೆಗಳಲ್ಲಿ ಮನೆಯಂತೆ ಮಾಡಿಕೊಂಡ ವ್ಯಾನುಗಳನ್ನು ನೀವೂ ನೋಡಿರಬಹುದು. ಒಳಗೆ ಹಾಸಿಗೆ, ಫ್ಯಾನು, ಸಣ್ಣ ಫ್ರಿಜ್ಜು. ಸೀಟಿನ ಪಕ್ಕ ಒಂದು ಪೆಟ್ಟಿಗೆ. ಅದೇ ಪೋರ್ಟಬಲ್ ಪವರ್ ಸ್ಟೇಷನ್, ಅಂದರೆ ಹೊತ್ತೊಯ್ಯುವ ಕರೆಂಟು. ನೋಡಿದವರಿಗೆ ಇದು ಪೇಟೆಯವರ ಹೊಸ ಷೋಕಿ ಅನ್ನಿಸುತ್ತದೆ. ಆದರೆ ಕಂಬ ಇಲ್ಲದ ಕಡೆಗೆ ಕರೆಂಟು ಹೊತ್ತು ತರುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಆ ಕತೆ ಗೊತ್ತಿದ್ದರೆ ಈ ಪೆಟ್ಟಿಗೆಯನ್ನು ಹೇಗೆ ಕೂರಿಸಬೇಕು ಅನ್ನುವುದೂ ಅರ್ಥವಾಗುತ್ತದೆ.

ಕತೆ ಶುರುವಾಗುವುದು 1902ರಲ್ಲಿ. ಕಾವೇರಿಯ ಶಿವನಸಮುದ್ರದಲ್ಲಿ ತಯಾರಾದ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಹರಿಯಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಲೈನುಗಳಲ್ಲಿ ಅದೂ ಒಂದು. ಆಗ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲವೂ ಕೋಲಾರ ಜಿಲ್ಲೆಯಲ್ಲೇ ಇದ್ದವು. ನಮಗೆ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ. ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಹತ್ತಿದ್ದು 1905ರಲ್ಲಿ. ಅಂದರೆ ರಾಜಧಾನಿಯಂಥ ಬೆಂಗಳೂರಿಗಿಂತ ಮೂರು ವರ್ಷ ಮೊದಲೇ ನಮ್ಮ ಜಿಲ್ಲೆಗೆ ಕರೆಂಟು ಬಂದಿತ್ತು!

ಆದರೆ ಬಂದಿದ್ದು ಗಣಿಯ ಯಂತ್ರಗಳಿಗೆ. ರೈತರ ಮನೆಯಲ್ಲಿ ಹೊಂಗೆ ಎಣ್ಣೆ, ಸೀಮೆಎಣ್ಣೆ ಬುಡ್ಡಿಯೇ ಗತಿ. ಹಳ್ಳಿಗಳು ಇನ್ನೂ ಹಲವು ದಶಕ ಕಾಯಬೇಕಾಯಿತು.

ಗಣಿಗೂ ಒಂದು ತೊಂದರೆ ಇತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಕರೆಂಟೂ ಸೊರಗುತ್ತಿತ್ತು. ಮಳೆಗಾಲದ ನೀರನ್ನು ಕೂಡಿಟ್ಟು ಬೇಸಿಗೆಗೆ ಬಿಡಬೇಕಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಲು ಇದೂ ಒಂದು ಮುಖ್ಯ ಕಾರಣ. ಆಗ ಮೈಸೂರಿನ ಚೀಫ್ ಎಂಜಿನಿಯರ್ ಆಗಿದ್ದವರು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಕರೆಂಟು ಹುಟ್ಟಿಸಿದರೆ ಸಾಲದು, ಬೇಕಾದಾಗ ಸಿಗುವಂತೆ ಕೂಡಿಡಬೇಕು ಅನ್ನುವುದು ಆ ಕಟ್ಟೆ ಹೇಳುವ ಪಾಠ. ವ್ಯಾನಿನ ಪೆಟ್ಟಿಗೆ ಮಾಡುವುದೂ ಅದನ್ನೇ. ನೀರಿನ ಬದಲು ಬ್ಯಾಟರಿ, ಅಷ್ಟೇ.

ಲೈನು ಬರುವ ಮುಂಚೆ ಹಳ್ಳಿಗೆ ಕರೆಂಟು ಬಂದಿದ್ದು ಗಾಡಿಯ ಮೇಲೆ. ಊರೂರು ಸುತ್ತುವ ಟೂರಿಂಗ್ ಟಾಕೀಸಿನವರು ಟೆಂಟಿನ ಜೊತೆಗೆ ಆಯಿಲ್ ಎಂಜಿನ್ನು, ಡೈನಮೋ ತರುತ್ತಿದ್ದರು. ಎಂಜಿನ್ನು ಗುಡುಗುಟ್ಟಿದರೆ ಪರದೆಯ ಮೇಲೆ ಬೆಳಕು. ಅದು ನಿಂತರೆ ಸಿನಿಮಾವೂ ನಿಂತಿತು, ಜನರ ಶಿಳ್ಳೆ ಶುರುವಾಯಿತು.

ಆಮೇಲೆ ಬಂದದ್ದು ಬ್ಯಾಟರಿಯ ಕಾಲ. ಸೀಸ ಮತ್ತು ಆಸಿಡ್ಡಿನ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿದ್ದು 1859ರಲ್ಲಿ. ನಮ್ಮ ಹಳ್ಳಿಗಳಲ್ಲಿ ಅದು ಹೆಸರು ಮಾಡಿದ್ದು 1987ರಲ್ಲಿ, ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಬರತೊಡಗಿದಾಗ. ಕರೆಂಟು ಇಲ್ಲ, ಇದ್ದರೂ ಹೊತ್ತಿಗೆ ಸರಿಯಾಗಿ ಹೋಗುತ್ತದೆ. ಸಣ್ಣ ಕಪ್ಪುಬಿಳುಪು ಟಿವಿಗಳು 12 ವೋಲ್ಟಿನಲ್ಲೂ ಓಡುತ್ತಿದ್ದವು. ಟ್ರಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಜಗಲಿಯ ಮೇಲೆ ಇಟ್ಟರೆ ಊರಿಗೆಲ್ಲ ರಾಮಾಯಣ. ಅಷ್ಟಕ್ಕೇ ನಿಲ್ಲಿಸಿದರೆ ತೊಂದರೆ ಇಲ್ಲ. ಸಂಜೆಯ ಸಿನಿಮಾವನ್ನೂ ನೋಡಿ ಕೂತರೆ ಸೋಮವಾರ ಬೆಳಿಗ್ಗೆ ಟ್ರಾಕ್ಟರು ಸ್ಟಾರ್ಟ್ ಆಗುತ್ತಿರಲಿಲ್ಲ. ಆಮೇಲೆ ತಳ್ಳುವವರು ಯಾರು ಅನ್ನುವ ಜಗಳ.

ವ್ಯಾನಿಗೆ ಪೆಟ್ಟಿಗೆ ಕೂರಿಸುವಾಗಿನ ಮೊದಲ ನಿಯಮ ಹುಟ್ಟುವುದು ಇಲ್ಲೇ. ಎಂಜಿನ್ ಬ್ಯಾಟರಿ ಬೇರೆ, ಮನೆ ಬಳಕೆಯ ಬ್ಯಾಟರಿ ಬೇರೆ. ಎಂಜಿನ್ ಬ್ಯಾಟರಿ ಒಂದು ಕ್ಷಣ ಜೋರಾಗಿ ಕರೆಂಟು ಕೊಡಲು ಮಾಡಿದ್ದು. ಅದನ್ನು ಪೂರ್ತಿ ಬಸಿದರೆ ಬೇಗ ಹಾಳಾಗುತ್ತದೆ. ಪವರ್ ಸ್ಟೇಷನ್ನಿನಲ್ಲಿ ಇರುವುದು ಲಿಥಿಯಂ ಬ್ಯಾಟರಿ. ಈ ಜಾತಿಯ ಬ್ಯಾಟರಿ 1991ರಲ್ಲಿ ಮಾರುಕಟ್ಟೆಗೆ ಬಂತು. ಅದನ್ನು ಬೆಳೆಸಿದ ಮೂವರಿಗೆ 2019ರಲ್ಲಿ ನೊಬೆಲ್ ಸಿಕ್ಕಿತು.

ಎರಡನೆಯದು ಲೆಕ್ಕ. 1000 ವಾಟ್-ಅವರ್ ಪೆಟ್ಟಿಗೆ ಅಂದರೆ ನಮ್ಮ ಬಿಲ್ಲಿನ ಒಂದು ಯೂನಿಟ್. 30 ವಾಟಿನ ಫ್ಯಾನು ರಾತ್ರಿ 8 ಗಂಟೆ ತಿರುಗಿದರೆ 240. ದೀಪ, ಫೋನುಗಳಿಗೆ 100. ಸಣ್ಣ ಫ್ರಿಜ್ಜಿಗೆ ದಿನಕ್ಕೆ 500 ಹಿಡಿಯಿರಿ. ಒಟ್ಟು 840. ಕರೆಂಟು ಬದಲಾಯಿಸುವಾಗ ಸೋರುವುದನ್ನೂ ಸೇರಿಸಿದರೆ ಒಂದು ದಿನಕ್ಕೆ ಪೆಟ್ಟಿಗೆ ಖಾಲಿ.

ಮೂರನೆಯದು ತುಂಬಿಸುವುದು. ಗಾಡಿಯ ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ಸಾಮಾನ್ಯವಾಗಿ ಸಿಗುವುದು 100 ವಾಟ್ ಆಸುಪಾಸು. ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಒಂದೂವರೆ ಗಂಟೆ ಬಂದರೂ ಪೆಟ್ಟಿಗೆಯ ಏಳನೇ ಒಂದು ಪಾಲೂ ಸರಿಯಾಗಿ ತುಂಬುವುದಿಲ್ಲ. ಅದಕ್ಕೇ ಎಂಜಿನ್ ಬ್ಯಾಟರಿಗೂ ಪೆಟ್ಟಿಗೆಗೂ ನಡುವೆ ಡಿಸಿ-ಡಿಸಿ ಚಾರ್ಜರ್ ಹಾಕುತ್ತಾರೆ. ಎಂಜಿನ್ ಓಡುವಾಗ ಮಾತ್ರ ಅದು ಕರೆಂಟು ಎಳೆಯುತ್ತದೆ, ನಿಂತಾಗ ಬಾಗಿಲು ಮುಚ್ಚುತ್ತದೆ. ಈ ಲೈನಿಗೆ ದಪ್ಪ ತಾಮ್ರದ ವೈರು ಬೇಕು, ಎಂಜಿನ್ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಬೇಕು. ಫ್ಯೂಸು ಇಲ್ಲದೆ ವೈರು ಉಜ್ಜಿ ತಗುಲಿದರೆ ಗಾಡಿಗೇ ಬೆಂಕಿ. ಪೆಟ್ಟಿಗೆಯನ್ನು ನೆಲಕ್ಕೆ ಬಿಗಿಯಾಗಿ ಕಟ್ಟಿ, ಗಾಳಿಯಾಡಲು ಬಿಡಿ, ಮೇಲೆ ಹಾಸಿಗೆ ಒಟ್ಟಬೇಡಿ. ಮೇಲ್ಛಾವಣಿಯ ಸೋಲಾರ್ ಒಳ್ಳೆಯದೇ. ಆದರೆ ತಂಪಿಗೆಂದು ಹುಣಸೆ ಮರದಡಿ ನಿಲ್ಲಿಸಿದರೆ ಅದು ದುಡಿಯುವುದಿಲ್ಲ.

ಇಷ್ಟೆಲ್ಲ ಬರೆದ ಮೇಲೆ ನಮ್ಮನ್ನು ಕಾಡುವ ಮಾತು ಒಂದಿದೆ. 1902ರ ಲೈನು ನಮ್ಮ ಜಿಲ್ಲೆಗೆ ಬಂದರೂ ನಮ್ಮ ಮನೆಗೆ ಬರಲಿಲ್ಲ. ಈ ಪೆಟ್ಟಿಗೆಯೂ ಬೆಟ್ಟ ನೋಡಲು ಬಂದವರ ಜೊತೆಗೇ ವಾಪಸು ಹೋಗಬೇಕೆ? ಶಿಡ್ಲಘಟ್ಟದ ನೂಲು ಬಿಚ್ಚುವವರ ಮೋಟರಿಗೆ ಇದು ಸಾಲದು. ಒಂದು ಎಚ್‌ಪಿ ಅಂದರೆ 746 ವಾಟ್, ಒಂದು ಗಂಟೆಯಲ್ಲೇ ಪೆಟ್ಟಿಗೆ ಬರಿದು. ಆದರೆ ರಾತ್ರಿ ಹುಳು ಮನೆಯಲ್ಲಿ ಸೊಪ್ಪು ಹಾಕುವಾಗಿನ ದೀಪಕ್ಕೆ, ಹಾಲಿನ ಡೈರಿಯ ತೂಕದ ಯಂತ್ರಕ್ಕೆ, ಸಂತೆಯಲ್ಲಿ ಕೂತು ಮಾರುವವರ ಬಲ್ಬಿಗೆ ಧಾರಾಳವಾಗಿ ಸಾಕು. ಬೆಲೆ ಇನ್ನೂ ಹೆಚ್ಚು. ನಾಲ್ಕು ಜನ ಸೇರಿ ಕೊಂಡರೆ, ಸಂಘದಿಂದ ಬಾಡಿಗೆಗೆ ಕೊಟ್ಟರೆ ಆಗದ ಮಾತೇನಲ್ಲ. ಒಂದು ಟ್ರಾಕ್ಟರಿನ ಬ್ಯಾಟರಿಯಿಂದ ಊರಿಗೆಲ್ಲ ರಾಮಾಯಣ ತೋರಿಸಿದವರು ನಾವೇ ಅಲ್ಲವೇ?