ತಾರೀಖಿನ ಹೆಸರಿನ ಎರಡು ಮೈದಾನಗಳು

ಆಫ್ರಿಕಾದ ಫುಟ್ಬಾಲ್ ಎಂದರೆ ನಮಗೆ ನೆನಪಾಗುವುದು ಯುರೋಪಿನ ತಂಡಗಳಲ್ಲಿ ಮಿಂಚುವ ಆಟಗಾರರು. ಆದರೆ ಆ ಖಂಡದ ಕ್ಲಬ್‌ಗಳಿಗೆ 1964ರಿಂದಲೂ ತಮ್ಮದೇ ಚಾಂಪಿಯನ್‌ಶಿಪ್ ಇದೆ. ಅದರ 1976ರ ಫೈನಲ್ ಎರಡು ಮೈದಾನಗಳಲ್ಲಿ ನಡೆಯಿತು. ಎರಡಕ್ಕೂ ತಾರೀಖೇ ಹೆಸರು. ಗಿನಿಯ ರಾಜಧಾನಿ ಕೊನಾಕ್ರಿಯದ್ದು ‘ಸೆಪ್ಟೆಂಬರ್ 28 ಕ್ರೀಡಾಂಗಣ’. 1958ರ ಆ ದಿನ ಗಿನಿಯ ಜನರು ದಗಾಲ್ ಮುಂದಿಟ್ಟ ಫ್ರೆಂಚ್ ಸಮುದಾಯ ನಮಗೆ ಬೇಡವೆಂದು ಮತ ಹಾಕಿದ್ದರು. ಆಲ್ಜಿಯರ್ಸ್‌ನದ್ದು ‘ಜುಲೈ 5 ಕ್ರೀಡಾಂಗಣ’. 1962ರ ಆ ದಿನ, 132 ವರ್ಷಗಳ ಫ್ರೆಂಚ್ ಆಳ್ವಿಕೆ ಮುಗಿದು ಅಲ್ಜೀರಿಯ ಸ್ವತಂತ್ರವಾಯಿತು.

ಆಲ್ಜಿಯರ್ಸ್‌ನ ತಂಡ ಮೌಲೂದಿಯ. ಹೆಸರು ಕೇಳಿದೊಡನೆ ನಮ್ಮೂರ ಮೌಲೂದ್ ನೆನಪಾದರೆ ತಪ್ಪಿಲ್ಲ, ಪ್ರವಾದಿಯವರ ಜನ್ಮದಿನದಿಂದಲೇ ಆ ಹೆಸರು ಬಂದಿದೆ. 1921ರಲ್ಲಿ, ವಸಾಹತುಗಾರರ ಕ್ಲಬ್‌ಗಳು ತುಂಬಿದ್ದ ನಗರದಲ್ಲಿ, ಕಸ್ಬಾದ ಇಕ್ಕಟ್ಟು ಓಣಿಗಳ ಮುಸ್ಲಿಂ ಯುವಕರು ಅದನ್ನು ಕಟ್ಟಿದರು. ಆಟದ ನೆಪದಲ್ಲಾದರೂ ತಮ್ಮ ಹೆಸರಿನಲ್ಲಿ ಒಂದೆಡೆ ಸೇರಲು ಅವರಿಗೆ ದಾರಿ ಸಿಕ್ಕಿತು. 1956ರಲ್ಲಿ ವಿಮೋಚನಾ ಹೋರಾಟದ ಕರೆಗೆ ಓಗೊಟ್ಟು ಮುಸ್ಲಿಂ ಕ್ಲಬ್‌ಗಳು ಫ್ರೆಂಚರ ಪಂದ್ಯಾವಳಿಗಳಿಂದ ಹೊರನಡೆದಾಗ ಮೌಲೂದಿಯವೂ ಮೈದಾನ ಬಿಟ್ಟಿತು. ಸ್ವಾತಂತ್ರ್ಯ ಬರುವ ತನಕ ಮರಳಲಿಲ್ಲ.

ಎದುರಾಳಿ ಹಾಫಿಯ, 1972 ಮತ್ತು 1975ರ ಚಾಂಪಿಯನ್. ಕೊನಾಕ್ರಿಯಲ್ಲಿ ಅದು 3–0ರಿಂದ ಗೆದ್ದಿತು. ಇಂಥ ಅಂತರವನ್ನು ಮರುಪಂದ್ಯದಲ್ಲಿ ತುಂಬುವುದು ಸುಲಭವೇ? ಡಿಸೆಂಬರ್ 18ರಂದು ಆಲ್ಜಿಯರ್ಸ್‌ನಲ್ಲಿ ಮೌಲೂದಿಯ ಅಷ್ಟೇ ಗೋಲು ಹೊಡೆದು ಲೆಕ್ಕ ಸಮ ಮಾಡಿತು. ಪೆನಾಲ್ಟಿಯಲ್ಲಿ 4–1. ಮೊದಲ ಬಾರಿಗೆ ಅಲ್ಜೀರಿಯದ ಕ್ಲಬ್ಬೊಂದು ಆಫ್ರಿಕಾದ ಕಿರೀಟ ತೊಟ್ಟಿತು. ಅದೇ ವರ್ಷ ದೇಶದ ಲೀಗೂ ಕಪ್ಪೂ ಅದರದ್ದೇ ಆಗಿದ್ದವು.

ಅಂದಿನ ಸಂಭ್ರಮದಲ್ಲಿ ನಾವೂ ಪಾಲುಗೊಳ್ಳಬಹುದು. ಆದರೆ ಮೈದಾನದ ಗೋಡೆಯಾಚೆಗೂ ಕಣ್ಣು ಹಾಯಿಸಬೇಕಾಗುತ್ತದೆ. ಆಲ್ಜಿಯರ್ಸ್‌ನ ಪಂದ್ಯಕ್ಕೆ ಎಂಟು ದಿನ ಮುಂಚೆ ಅಲ್ಜೀರಿಯದಲ್ಲಿ ಅಧ್ಯಕ್ಷರ ಚುನಾವಣೆ ನಡೆದಿತ್ತು. ಅಭ್ಯರ್ಥಿ ಒಬ್ಬರೇ, ಬೂಮದೀನ್. ಮತಗಳಲ್ಲಿ ಶೇಕಡ 99 ಅವರಿಗೇ. ಮರುವರ್ಷ ಸರಕಾರ ಕ್ಲಬ್‌ಗಳನ್ನೇ ಸರಕಾರಿ ಕಂಪೆನಿಗಳ ಕೈಗೆ ಕೊಟ್ಟಿತು. ಮೌಲೂದಿಯ ಪೆಟ್ರೋಲಿಯಂ ಕಂಪೆನಿಯ ಪಾಲಾಗಿ, ಹೆಸರಿಗೂ ‘ಪೆಟ್ರೋಲಿಯೆ’ ಅಂಟಿಕೊಂಡಿತು. ಫ್ರೆಂಚರು ಮಾಡದ್ದನ್ನು ತಮ್ಮವರೇ ಮಾಡಿದರು ಎನ್ನಬೇಕೇ?

ಕೊನಾಕ್ರಿಯ ಕತೆ ಇನ್ನೂ ಕಹಿ. ಜನ ಹಾಫಿಯದ ಗೋಲುಗಳಿಗೆ ಕುಣಿಯುತ್ತಿದ್ದಾಗ, ಅದೇ ನಗರದ ಬೊಯ್ರೊ ಸೆರೆಶಿಬಿರದಲ್ಲಿ ದಿಯಾಲೊ ತೆಲ್ಲಿ ಕೊಳೆಯುತ್ತಿದ್ದರು. ಆಫ್ರಿಕನ್ ಏಕತಾ ಸಂಸ್ಥೆಯ ಪ್ರಥಮ ಮಹಾಕಾರ್ಯದರ್ಶಿ ಅವರು. ಫ್ರಾನ್ಸಿಗೆ ‘ಬೇಡ’ ಎಂದು ಖಂಡದ ಕಣ್ಮಣಿಯಾಗಿದ್ದ ಸೇಕು ತೂರೆಯೇ 1976ರ ಜುಲೈಯಲ್ಲಿ ಅವರನ್ನು ಬಂಧಿಸಿದ್ದು. ಅನ್ನ ನೀರು ಕೊಡದೆ ಕೊಲ್ಲುವ ಆ ಶಿಬಿರದ ಪದ್ಧತಿಗೆ 1977ರಲ್ಲಿ ತೆಲ್ಲಿ ಬಲಿಯಾದರು. ಅದೇ ವರ್ಷ ಹಾಫಿಯ ಮೂರನೆಯ ಬಾರಿ ಚಾಂಪಿಯನ್ ಆಯಿತು.

ಸೆಪ್ಟೆಂಬರ್ 28 ಎಂಬ ತಾರೀಖು ಆ ಮೈದಾನಕ್ಕೆ ಮತ್ತೊಮ್ಮೆ ಬಂತು. 2009ರ ಆ ದಿನ ಮಿಲಿಟರಿ ಆಡಳಿತವನ್ನು ವಿರೋಧಿಸಿ ಅಲ್ಲಿ ನೆರೆದಿದ್ದವರ ಮೇಲೆ ಸೈನಿಕರು ಗುಂಡು ಹಾರಿಸಿದರು. 150ಕ್ಕೂ ಹೆಚ್ಚು ಮಂದಿ ಸತ್ತರು ಅಥವಾ ಕಾಣೆಯಾದರು. ಮಹಿಳೆಯರನ್ನು ಮೈದಾನದಲ್ಲೇ ಅತ್ಯಾಚಾರಕ್ಕೆ ಈಡು ಮಾಡಲಾಯಿತು. ಅಂದಿನ ಆಡಳಿತಗಾರ ದಾದಿಸ್ ಕಮಾರನಿಗೆ 2024ರಲ್ಲಿ ನ್ಯಾಯಾಲಯ 20 ವರ್ಷ ಶಿಕ್ಷೆ ವಿಧಿಸಿತು. 2025ರಲ್ಲಿ, ಮತ್ತೊಬ್ಬ ಮಿಲಿಟರಿ ಆಡಳಿತಗಾರ ಅವನನ್ನು ಕ್ಷಮಿಸಿ ಬಿಟ್ಟ.