ಮಳಿ ತಪ್ಪಿದ್ದು ಆಕಾಶದ್ದು, ಉಳಿದದ್ದು ಯಾರದ್ದು?

1/6
ನಮ್ಮ ಕಡೆ ಏನೇ ಕೆಟ್ಟದ್ದಾದ್ರೂ ಒಂದೇ ಮಾತು: "ಹಣ್ಯಾಗ ಬರದಿತ್ತು." ಬೆಳಿ ಹೋದ್ರೂ ಅದೇ, ಸಬ್ಜೆಕ್ಟ್ ಬ್ಯಾಕ್ ಉಳಿದ್ರೂ ಅದೇ. ಇವತ್ತು ಈ ಮಾತನ್ನ ನಮ್ಮ ಊರಿನ ಇತಿಹಾಸದಾಗ ಇಟ್ಟು ಪರೀಕ್ಷೆ ಮಾಡೋಣ ಬರ್ರಿ. ಕೊನೆ ತನಕ ಓದ್ರಿ.

2/6
ಕಲಾದಗಿ ಅಂದ್ರ ಈಗ ಚಿಕ್ಕು, ದಾಳಿಂಬೆ ನೆನಪಾಗ್ತಾವ. ಆದ್ರ ಬ್ರಿಟಿಷರ ಕಾಲದಾಗ ಇದು ಜಿಲ್ಲಾ ಕೇಂದ್ರ. ಬಾದಾಮಿ, ಹುನಗುಂದ, ಬಾಗಲಕೋಟೆ, ವಿಜಯಪುರ ಎಲ್ಲಾ ಕಲಾದಗಿ ಜಿಲ್ಲೆಯಲ್ಲೇ ಇದ್ದವು. 1876ರಲ್ಲಿ ಮಳೆ ಕೈಕೊಟ್ಟಿತು. ಮುಂದಿನ ಎರಡು ವರ್ಷ ಮುಂಬೈ ಪ್ರಾಂತ್ಯದಲ್ಲಿ ಅತಿ ಹೆಚ್ಚು ಸಾವು ನೋವು ಕಂಡ ಜಿಲ್ಲೆಗಳಲ್ಲಿ ನಮ್ಮದೂ ಒಂದು. 1872 ಮತ್ತು 1881ರ ಜನಗಣತಿ ಹೋಲಿಸಿದರೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಭಾಗ ಇಳಿದಿತ್ತು. ಅಂದ್ರ ನಿಮ್ಮ ಓಣಿಯ ಐದು ಮಂದಿಯಲ್ಲಿ ಒಬ್ಬರು ಇಲ್ಲ. ಕೆಲವರು ಗುಳೆ ಹೋದರು, ಬಹಳ ಮಂದಿ ಸತ್ತರು.

3/6
ಇದು ಹಣೆಬರಹನಾ? ಯಹೂದಿಗಳ ಧರ್ಮಗ್ರಂಥದಲ್ಲಿ ಯೋಸೇಫನ ಕಥೆ ಐತಿ. ಈಜಿಪ್ಟಿನ ದೊರೆಗೆ ಕನಸು ಬೀಳ್ತದ. ಏಳು ವರ್ಷ ಸುಗ್ಗಿ, ಆಮೇಲೆ ಏಳು ವರ್ಷ ಬರ ಅಂತ ಯೋಸೇಫ ಅದರ ಅರ್ಥ ಹೇಳ್ತಾನ. ಬರ ಬರೋದು ಖಾತ್ರಿ. ಹಂಗಂತ ಅವ ಕೈಕಟ್ಟಿ ಕೂಡಲಿಲ್ಲ, ಕಣಜ ತುಂಬಿಸಿದ. ಬರ ತಪ್ಪಲಿಲ್ಲ, ಆದ್ರ ಜನ ಉಳಿದರು.

4/6
ಅದೇ ಈಜಿಪ್ಟಿನಲ್ಲಿ 12ನೇ ಶತಮಾನದಲ್ಲಿ ಮೈಮೊನಿಡೀಸ್ ಅನ್ನೋ ಯಹೂದಿ ಚಿಂತಕ ಇದ್ದ. ನಮ್ಮ ಕೂಡಲಸಂಗಮದ ಬಸವಣ್ಣನವರ ಶತಮಾನವೂ ಅದೇ. ಅವನ ವಾದ ಸರಳ: ಸೃಷ್ಟಿಯಲ್ಲಿ ಒಳ್ಳೇದು ಕೆಟ್ಟದ್ದು ತಿಳಿದು ಆರಿಸೋ ಶಕ್ತಿ ಮನುಷ್ಯನಿಗೆ ಕೊಟ್ಟದ್ದು. ದೇವರಿಗೆ ಮೊದಲೇ ಗೊತ್ತಿದ್ದರೂ ಆ ಅರಿವು ನಮ್ಮ ಕೈ ಕಟ್ಟಿಹಾಕೋದಿಲ್ಲ. ಎಲ್ಲಾ ಮೊದಲೇ ನಿಗದಿ ಆಗಿದ್ರ 'ಹೀಗೆ ಮಾಡು' ಅಂತ ಹೇಳೋದಕ್ಕಾಗಲಿ, ತಪ್ಪಿಗೆ ಶಿಕ್ಷೆ ಕೊಡೋದಕ್ಕಾಗಲಿ ಅರ್ಥ ಏನು ಉಳೀತದ?

5/6
ಈಗ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿಯನ್ನ ನೋಡ್ರಿ. 1874ರಲ್ಲಿ ಬಿಹಾರದ ಬರಕ್ಕೆ ಈತ ಬರ್ಮಾದಿಂದ ಅಕ್ಕಿ ತರಿಸಿದ. ಸಾವು ಬಹಳ ಕಡಿಮೆ. ಆದ್ರ ದುಡ್ಡು ಹೆಚ್ಚಾತು ಅಂತ ಬೈಸಿಕೊಂಡ. 1877ರಲ್ಲಿ ವೈಸ್‌ರಾಯ್ ಲಿಟ್ಟನ್ ಇವನನ್ನೇ ಮದರಾಸು, ಮುಂಬೈ ಪ್ರಾಂತ್ಯಗಳ ಬರ ನೋಡಲು ಕಳಿಸಿದ, ಖರ್ಚು ಉಳಿಸೋದು ಗುರಿ. ಈ ಸಲ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಕಾಳು, ಜೊತೆಗೆ ಚೂರು ಕಾಸಿಗೆ ಇಳಿಸಿದ. ಒಂದು ಪೌಂಡ್ ಅಂದ್ರ ಅರ್ಧ ಕಿಲೋನೂ ಇಲ್ಲ. ಇಷ್ಟರಲ್ಲಿ ದುಡಿಯೋರು ಬದುಕೋದಿಲ್ಲ ಅಂತ ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಆಗಲೇ ಹೇಳಿದ್ದ. ಪುಣೆಯ ಸಾರ್ವಜನಿಕ ಸಭೆ ಅರ್ಜಿ ಬರೆಯಿತು. ಕೂಲಿಗಳು ಕೆಲಸ ಬಿಟ್ಟು ಪ್ರತಿಭಟಿಸಿದರು. ಅದೇ ಹೊತ್ತಿಗೆ ಇಂಗ್ಲೆಂಡಿಗೆ ಗೋಧಿ ಹೋಗ್ತಾನೇ ಇತ್ತು.

ಮನುಷ್ಯ ಒಬ್ಬನೇ, ಬರ ಎರಡು, ನಿರ್ಧಾರವೂ ಎರಡು. ಬೇರೆ ರೀತಿ ಮಾಡಲು ಬರ್ತದ ಅಂತ ಅವನೇ ಮೂರು ವರ್ಷ ಹಿಂದೆ ತೋರಿಸಿದ್ದ. ಅಂದಮೇಲೆ ಎರಡನೇದನ್ನ ವಿಧಿ ಅನ್ನೋದು ಹೆಂಗ?

6/6
ನಾವು ಬಿಕಾಂನವರು, ಒಬ್ಬರ ಖರ್ಚನ್ನ ಇನ್ನೊಬ್ಬರ ಖಾತೆಗೆ ಬರೆಯೋದಿಲ್ಲ. ಮಳೆ ತಪ್ಪಿದ್ದು ಆಕಾಶದ ಖಾತೆಗೆ ಬರೀರಿ. ಒಂದು ಪೌಂಡ್ ಕಾಳು ಮಾತ್ರ ಮನುಷ್ಯರ ಖಾತೆಗೇ. ಎಲ್ಲವನ್ನೂ "ಹಣೆಬರಹ" ಅಂದುಬಿಟ್ರ ಸತ್ತವರ ಮ್ಯಾಲೇ ತಪ್ಪು ಹೊರಿಸಿ, ಸಹಿ ಹಾಕಿದವರನ್ನ ಬಿಟ್ಟಂಗ ಆಗ್ತದ.

ಆ ಬರದ ನಂತರ 1880ರ ದಶಕದಲ್ಲಿ ಹೋಟಗಿಯಿಂದ ಗದಗಿಗೆ ರೈಲು ಹಳಿ ಬಂತು, ಮುಂದೆ ಬರ ಬಿದ್ದರೆ ಕಾಳು ತಲುಪಲಿ ಅಂತ. ಬಾಗಲಕೋಟೆ, ಬಾದಾಮಿ ಸ್ಟೇಷನ್ನಿನಲ್ಲಿ ನೀವು ಹತ್ತೋದು ಅದೇ ದಾರಿಯ ರೈಲು. ಹಳಿ ಹಾಕಿದ್ದೂ ಮನುಷ್ಯರ ನಿರ್ಧಾರನೇ.

ನಿಮ್ಮ ಮನ್ಯಾಗ ಹಿರಿಯರು ಹೇಳೋ ಬರದ ಕಥೆ ಇದ್ರ ಕಾಮೆಂಟಿನಾಗ ಬರೀರಿ. ಯಾರು ಏನು ಮಾಡಿದ್ರು ಅನ್ನೋದನ್ನೂ ಕೇಳಿ ಬರೀರಿ.

#ಕಲಾದಗಿ #ಬಾಗಲಕೋಟೆ #ನಮ್ಮಇತಿಹಾಸ