ಆಟಿಯ ಮಳೆಯಲ್ಲಿ ಘಟ್ಟದ ಕಾಫಿ

ನಮ್ಮ ಎಲ್ಲೂರು ಸೀಯಾಳದ ಊರು. ವಿಶ್ವೇಶ್ವರ ದೇವರಿಗೆ ಸೀಯಾಳ ಅಭಿಷೇಕ ಮಾಡಿಸಲು ಎಲ್ಲೆಲ್ಲಿಂದಲೋ ಜನ ಬರ್ತಾರೆ. ಆಮೇಲೆ ಉಷ್ಣ ವಿದ್ಯುತ್ ಸ್ಥಾವರ ಬಂದು ಊರಿನ ಹೆಸರು ಪೇಪರಿನಲ್ಲೂ ಬಂತು. ಆದರೆ ಕಾಫಿಗೂ ನಮ್ಮೂರಿಗೂ ಏನು ಸಂಬಂಧ ಅಂತ ಯಾರಾದರೂ ಕೇಳಿದ್ದರೆ, ಏನೂ ಇಲ್ಲ ಅಂದುಬಿಡುತ್ತಿದ್ದೆ. ಹಾಗಲ್ಲ ಅಂತ ಗೊತ್ತಾದದ್ದು ಕಳೆದ ಆಟಿ ತಿಂಗಳಲ್ಲಿ.

ಆಟಿಯಲ್ಲಿ ಘಟ್ಟ ಹತ್ತುತ್ತೇನೆ ಅಂದಾಗ ಗೆಳೆಯನೊಬ್ಬ ನಕ್ಕ. "ಸೀಸನ್ನಿನಲ್ಲಿ ಮನೆಯಲ್ಲಿ ಕೂತಿದ್ದು ಈಗ ಹೋಗ್ತೀಯಲ್ಲ ಮಾರಾಯ!" ಅಂದ. ನನಗೆ ಬೇಕಿದ್ದದ್ದೂ ಅದೇ. ರಶ್ ಇಲ್ಲ, ಕ್ಯಾಮೆರಾಗಳಿಲ್ಲ. ಕಾರ್ಕಳ, ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಹತ್ತುವಾಗ ಪ್ರತಿ ತಿರುವಿನಲ್ಲೂ ಒಂದೊಂದು ಜಲಪಾತ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಮೂಡಿಗೆರೆ ಕಡೆಗೆ ಸ್ವಲ್ಪ ಮುಂದೆ ಹೋಗಿ, ಹಂಚಿನ ಮಾಡಿನ ಒಂದು ಸಣ್ಣ ಹೋಟೆಲಿನಲ್ಲಿ ಕೂತೆ. ಗಿರಾಕಿ ನಾನೊಬ್ಬನೇ. ಹೋಟೆಲಿನ ಅಮ್ಮ ಬೆಲ್ಲದ ಕಾಫಿ ಕೊಟ್ಟರು. ಗ್ಲಾಸು ಕೈ ಸುಡುವಷ್ಟು ಬಿಸಿ, ಹೊರಗೆ ಧೋ ಅಂತ ಮಳೆ... ಅಂಥ ಕಾಫಿ ನಾನು ಕುಡಿದದ್ದು ಕಡಿಮೆ.

"ಯಾವ ಊರು ನಿಮ್ದು?" ಅಂತ ಕೇಳಿದರು.

"ಎಲ್ಲೂರು. ಉಡುಪಿ ಹತ್ತಿರ."

"ಓ, ಘಟ್ಟದ ಕೆಳಗಿನವರು! ಮೊದಲೆಲ್ಲ ಈ ತೋಟಗಳಲ್ಲಿ ನಿಮ್ಮ ಕಡೆಯವರೇ ಜಾಸ್ತಿ ಇದ್ದದ್ದು. ಆದರೆ ಮಳೆಗಾಲಕ್ಕೆ ಒಬ್ಬರೂ ನಿಲ್ತಿರಲಿಲ್ಲ" ಅಂದರು.

ನನಗೆ ತಟ್ಟನೆ ಅಜ್ಜಿಯ ನೆನಪಾಯಿತು.

ಅಜ್ಜಿ ಚಿಕ್ಕ ಹುಡುಗಿಯಾಗಿದ್ದಾಗ, 1940ರ ದಶಕದಲ್ಲಿ, ತನ್ನ ಅಮ್ಮನ ಜೊತೆ ಕಾಫಿ ಕುಯ್ಯಲು ಇದೇ ಚಾರ್ಮಾಡಿ ಹತ್ತಿದವಳು. ಆಗ ನಮ್ಮದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ, ಮೇಲಿನದು ಮೈಸೂರು ಸಂಸ್ಥಾನ. 1956ರಲ್ಲಿ ಎರಡೂ ಒಂದೇ ರಾಜ್ಯವಾಗುವ ತನಕ ಘಟ್ಟ ಹತ್ತುವುದೆಂದರೆ ಗಡಿ ದಾಟುವುದು. ಇದನ್ನೆಲ್ಲ ಅವಳು ಹೇಳುತ್ತಿದ್ದಾಗ ನಾನು ಕಿವಿಗೊಟ್ಟದ್ದು ಅರ್ಧಂಬರ್ಧ. ಊರಿಗೆ ವಾಪಸ್ ಬಂದ ಮೇಲೆ ಹಳೆಯ ಪುಸ್ತಕಗಳನ್ನು ಹುಡುಕಿಕೊಂಡು ಕೂತೆ.

ಕಾಫಿಯ ಚರಿತ್ರೆ ಅಂದ ಕೂಡಲೇ ಎಲ್ಲರೂ ಬಾಬಾ ಬುಡನ್ ಅವರಿಂದ ಶುರು ಮಾಡ್ತಾರೆ. 17ನೇ ಶತಮಾನದಲ್ಲಿ ಅವರು ಯೆಮೆನ್‌ನಿಂದ ಏಳು ಬೀಜ ಬಚ್ಚಿಟ್ಟು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಅನ್ನುವ ಕತೆ ನಿಮಗೂ ಗೊತ್ತಿರುತ್ತದೆ. ಅದಾಗಿ ಬಹುಕಾಲ ಕಾಫಿ ಹಿತ್ತಲ ಬೆಳೆಯಾಗಿತ್ತು. ದೊಡ್ಡ ತೋಟಗಳಾದದ್ದು 19ನೇ ಶತಮಾನದಲ್ಲಿ, ಬ್ರಿಟಿಷ್ ಪ್ಲಾಂಟರುಗಳು ಬಂದ ಮೇಲೆ. ಅವರಲ್ಲಿ ಮಂಜರಾಬಾದಿನ (ಈಗಿನ ಸಕಲೇಶಪುರದ ಕಡೆ) ಆರ್. ಎಚ್. ಎಲಿಯಟ್ ಎಂಬವನು 1871ರಲ್ಲಿ ಮೈಸೂರಿನ ಕಾಡುಗಳಲ್ಲಿ ಪ್ಲಾಂಟರ್ ಆಗಿದ್ದ ತನ್ನ ಅನುಭವಗಳನ್ನು ಎರಡು ಸಂಪುಟಗಳಲ್ಲಿ ಬರೆದಿದ್ದಾನೆ.

ತೋಟಕ್ಕೆ ನೆಲ ಸಿಕ್ಕಿತು, ನೆರಳಿಗೆ ಮರವೂ ಸಿಕ್ಕಿತು. ಕುಯ್ಯಲು ಕೈ ಬೇಕಲ್ಲ? ಆ ಕೈಗಳಲ್ಲಿ ದೊಡ್ಡ ಪಾಲು ಹೋದದ್ದು ಘಟ್ಟದ ಕೆಳಗಿನಿಂದ. ಮೇಸ್ತ್ರಿ ಊರಿಗೆ ಬಂದು ಮುಂಗಡ ಕೊಡುತ್ತಿದ್ದ. ಆ ಮುಂಗಡ ತೀರಿಸಲು ಜನ ಗುಂಪುಗುಂಪಾಗಿ ಮೇಲೆ ಹೋಗಿ ಲೈನ್ ಮನೆಗಳಲ್ಲಿ ಇರುತ್ತಿದ್ದರು. ಸೀಸನ್ ಮುಗಿದ ಮೇಲೆ ಲೆಕ್ಕ. ಮುಂಗಡ ಪಡೆದು ಕೆಲಸಕ್ಕೆ ಹೋಗದವರನ್ನು ಜೈಲಿಗೆ ಹಾಕಬಹುದಾದ ಒಂದು ಕಾನೂನನ್ನು ಬ್ರಿಟಿಷರು 1859ರಲ್ಲಿ ಮಾಡಿದ್ದರು. ಅದು ರದ್ದಾದದ್ದು 1920ರ ದಶಕದಲ್ಲಿ. ಜೊತೆಗೆ ಮಲೆನಾಡಿನ ಚಳಿಜ್ವರ ಬೇರೆ, ಅಂದರೆ ಮಲೇರಿಯ. ಹೋದವರೆಲ್ಲ ವಾಪಸ್ ಬರುತ್ತಾರೆ ಅನ್ನುವ ಖಾತ್ರಿ ಇರಲಿಲ್ಲ. ಅಜ್ಜಿಯ ಅಕ್ಕ ಬರಲಿಲ್ಲ.

ಕಾಫಿ ಕುಯ್ಯುವುದು ನವೆಂಬರಿನಿಂದ ಫೆಬ್ರವರಿ, ಮಾರ್ಚ್ ತನಕ. ಬೇಸಗೆಯಲ್ಲಿ ಒಂದೆರಡು ಮಳೆ ಬಿದ್ದರೆ ತೋಟವೆಲ್ಲ ಮಲ್ಲಿಗೆಯಂತೆ ಬಿಳಿ ಹೂವು. ಆಮೇಲೆ ಪತ್ತನಾಜೆಯ ಹೊತ್ತಿಗೆ ನಮ್ಮವರೆಲ್ಲ ಗಂಟು ಕಟ್ಟಿ ಕೆಳಗಿಳಿಯಬೇಕು, ಏಣೆಲು ಬೇಸಾಯಕ್ಕೆ ಗದ್ದೆ ಕಾಯುತ್ತಿರುತ್ತದೆ. ಈಗ ನಾವು 'ಆಫ್ ಸೀಸನ್' ಅಂತ ಕರೆಯುವ ತಿಂಗಳುಗಳು ಅವರಿಗೆ ಸ್ವಂತ ಮನೆಯಲ್ಲಿ ಇರುವ ತಿಂಗಳುಗಳಾಗಿದ್ದವು. ರಜೆ ಅಂತೂ ಅಲ್ಲ. ಮಳೆಗೆ ಬೆನ್ನು ಕೊಟ್ಟು ನೇಜಿ ನೆಡುವ ಕೆಲಸ.

ಅವರು ಕುಯ್ದ ಕಾಫಿಯೂ ಘಟ್ಟ ಇಳಿಯುತ್ತಿತ್ತು. ಎತ್ತಿನ ಗಾಡಿಗಳಲ್ಲಿ ಮಂಗಳೂರಿಗೆ ಬಂದು, ಅಲ್ಲಿನ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಪ್ಪೆ ತೆಗೆಸಿಕೊಂಡು, ವಿಂಗಡವಾಗಿ, ಹಡಗು ಹತ್ತುತ್ತಿತ್ತು. ಇಲ್ಲೊಂದು ಸ್ವಾರಸ್ಯ ಇದೆ. ಹಾಯಿಹಡಗುಗಳು ಆಫ್ರಿಕಾ ಸುತ್ತಿ ಯುರೋಪ್ ತಲುಪಲು ತಿಂಗಳುಗಟ್ಟಲೆ ಬೇಕಾಗುತ್ತಿತ್ತು. ಅಷ್ಟರಲ್ಲಿ ಬೀಜ ಸಮುದ್ರದ ತೇವ ಹೀರಿ, ಉಬ್ಬಿ, ಹಸಿರು ಹೋಗಿ ಹಳದಿ ಬಣ್ಣಕ್ಕೆ ತಿರುಗುತ್ತಿತ್ತು, ಹುಳಿ ಅಂಶ ಇಳಿದು ರುಚಿ ಮೆತ್ತಗಾಗುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಸ್ಟೀಮರುಗಳು ಬಂದ ಮೇಲೆ ಪ್ರಯಾಣ ಚಿಕ್ಕದಾಯಿತು, ಆ ರುಚಿಯೂ ಹೋಯಿತು. ಯುರೋಪಿನವರಿಗೆ ಹಳೆಯದೇ ಬೇಕು! ಅದಕ್ಕೆ ಕರಾವಳಿಯ ಕ್ಯೂರಿಂಗ್ ವರ್ಕ್ಸ್‌ನವರು ಗೋಡೆ ತೆರೆದ ಗೋದಾಮುಗಳಲ್ಲಿ ಬೀಜ ಹರಡಿ, ಜೂನಿನಿಂದ ಸೆಪ್ಟೆಂಬರ್ ತನಕ ಮಳೆಗಾಳಿ ತಾಗಿಸತೊಡಗಿದರು. ಅದೇ 'ಮಾನ್ಸೂನ್ಡ್ ಮಲಬಾರ್'. ಇವತ್ತು ಅದಕ್ಕೆ ಭೌಗೋಳಿಕ ಸೂಚಕವೂ ಇದೆ. ಅಂದರೆ ಅಜ್ಜಿ ಎಲ್ಲೂರಿನ ಗದ್ದೆಯಲ್ಲಿ ನೇಜಿ ನೆಡುವಾಗ ಬೆನ್ನಿಗೆ ಬಡಿಯುತ್ತಿದ್ದ ಅದೇ ಮಳೆಗಾಳಿ, ಮಂಗಳೂರಿನಲ್ಲಿ ಕಾಫಿಗೆ ರುಚಿ ಕೊಡುತ್ತಿತ್ತು!

ಘಟ್ಟದ ಮೇಲಿನ ಮಳೆ ಅಷ್ಟು ಒಳ್ಳೆಯದಲ್ಲ. ಬಿಡದೆ ಸುರಿದರೆ ಕಾಫಿ ಗಿಡಕ್ಕೆ ಕೊಳೆರೋಗ. 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರ ವಿಜ್ಞಾನಿ ಎಂ. ಸಿ. ಕುಕ್ ಆ ರೋಗದ ಶಿಲೀಂಧ್ರಕ್ಕೆ 'ಪೆಲ್ಲಿಕುಲಾರಿಯ ಕೊಳೆರೋಗ' ಅಂತ ಹೆಸರಿಟ್ಟ. ನಮ್ಮ ಕನ್ನಡದ ಪದ ಹೀಗೆ ವಿಜ್ಞಾನದ ಪುಸ್ತಕ ಸೇರಿತು :-)

ಹಾಗಾದರೆ ಬೆಳೆದವರು, ಕುಯ್ದವರು ಒಳ್ಳೆಯ ಕಾಫಿ ಕುಡಿದರೇ? 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆಗಾರರು ಮನೆಬಳಕೆಗೆ, ಬಿತ್ತನೆಗೆ ಬಿಟ್ಟು ಉಳಿದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಬೇಕಿತ್ತು. ಆ ಪದ್ಧತಿ ಪೂರ್ತಿ ಸಡಿಲವಾದದ್ದು 1996ರಲ್ಲಿ. ತೋಟದ ಯಜಮಾನರ ಪಾಡೇ ಹೀಗಾದರೆ ಲೈನ್ ಮನೆಯವರದ್ದು ಕೇಳಬೇಕೇ? ನೆಲಕ್ಕೆ ಉದುರಿದ ಕಾಯಿ ಹೆಕ್ಕಿ, ಒಣಗಿಸಿ, ಹುರಿದು ಬೆಲ್ಲ ಹಾಕಿ ಕುದಿಸಿದ ಕರಿನೀರೇ ಅವರ ಕಾಫಿ ಅಂತ ಅಜ್ಜಿ ಹೇಳುತ್ತಿದ್ದಳು. ಊರಿಗೆ ಬಂದ ಮೇಲೆ ಅವಳು ಕೊನೆಯ ತನಕ ಕುಡಿದದ್ದು ಕೊತ್ತಂಬರಿ ಜೀರಿಗೆ ಕಷಾಯ ಮಾತ್ರ.

ನನಗೆ ಕೆಲಸ ಸಿಕ್ಕಿದ ಹೊಸತರಲ್ಲಿ ಚಿಕ್ಕಮಗಳೂರಿನಿಂದ ಅರ್ಧ ಕಿಲೋ ಒಳ್ಳೆಯ ಅರೇಬಿಕಾ ಪುಡಿ ತಂದು ಅವಳ ಮುಂದೆ ಬಿಚ್ಚಿದ್ದೆ. ಮೂಸಿ ನೋಡಿ, "ಇದರ ಹೂವಿನ ಪರಿಮಳ ಗೊತ್ತುಂಟು ಮಗಾ. ಪುಡಿಯ ಪರಿಮಳ ಇವತ್ತೇ ಗೊತ್ತಾದದ್ದು" ಅಂದಳು. ನಾನು ತಮಾಷೆ ಅಂತ ನಕ್ಕುಬಿಟ್ಟಿದ್ದೆ.

ಈಗ ಆ ತೋಟಗಳಲ್ಲಿ ಅಸ್ಸಾಂ, ಬಂಗಾಳದ ಕಡೆಯ ಹುಡುಗರು ತುಂಬ ಇದ್ದಾರಂತೆ, ಹೋಟೆಲಿನ ಅಮ್ಮ ಹೇಳಿದರು. ಮಳೆ ನಿಲ್ಲಲಿಲ್ಲ. ನಾನು ಇನ್ನೊಂದು ಗ್ಲಾಸ್ ಕಾಫಿ ಹೇಳಿ, ಅದನ್ನು ನಿಧಾನವಾಗಿ ಕುಡಿದೆ. ನನ್ನ ಅಜ್ಜಿ ಒಮ್ಮೆಯೂ ನೋಡದ ಘಟ್ಟದ ಮಳೆಗಾಲ ಅದು.

ನಿಮ್ಮ ಮನೆಯಲ್ಲೂ ಘಟ್ಟ ಹತ್ತಿ ಇಳಿದ ಹಿರಿಯರು ಇದ್ದರೆ, ಅವರು ಇರುವಾಗಲೇ ಕೂರಿಸಿ ಕೇಳಿಕೊಳ್ಳಿ. ಕೇಳಿದ್ದನ್ನು ಬರೆದಿಡಿ. ನಾನು ತಡ ಮಾಡಿದೆ.